ನನಗೆ ಸೇರಲ್ಲ, ನಾನು ಒಲ್ಲೆ

ಬೇಡವಾದದ್ದನ್ನು ಹೇಳುವಾಗ ಇಂಗ್ಲಿಷ್ ‘ನಾನು’ ಎಂದು ಶುರುಮಾಡುತ್ತದೆ, ಸ್ಪ್ಯಾನಿಷ್ ‘ನನಗೆ’ ಎಂದು. ಕನ್ನಡಕ್ಕೆ ಎರಡೂ ದಾರಿ ಗೊತ್ತು. ಯಾವ ಮಾತಿಗೆ ಯಾವ ದಾರಿ ಎಂಬ ವಿವೇಕವನ್ನು ನಾವು ಕಳೆದುಕೊಳ್ಳಬಾರದು.

ಎಣ್ಣೆಗಾಯಿಯ ಸೌಟು ತಟ್ಟೆಯ ಹತ್ತಿರ ಬಂದೊಡನೆ ಕೈ ಅಡ್ಡ ಹಿಡಿಯುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಮೈಸೂರಿನ ಒಂಟಿಕೊಪ್ಪಲಿನ ಆಸುಪಾಸಿನಲ್ಲಿ ಆ ಕೈಗೆ ಈಗ ಮೂರು ಭಾಷೆ. ಹಳೆಯ ಮನೆಯ ಅಜ್ಜ “ಬದನೆಕಾಯಿ ನನಗೆ ಸೇರಲ್ಲಮ್ಮ” ಅನ್ನುತ್ತಾರೆ. ಪಕ್ಕದಲ್ಲಿ ಕೂತ, ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗ “ಐ ಹೇಟ್ ಬ್ರಿಂಜಾಲ್” ಅನ್ನುತ್ತಾನೆ. ಅಲ್ಲಿಂದ ನಡೆದೇ ಹೋಗಬಹುದಾದ ಗೋಕುಲಂನಲ್ಲಿ, ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಬಾಡಿಗೆ ಮನೆ ಹಿಡಿದಿರುವ ಸ್ಪೇನಿನವರು, ಮೆಕ್ಸಿಕೋದವರು, ಅರ್ಜೆಂಟೀನಾದವರು ಅದೇ ಮಾತನ್ನು “ನೋ ಮೆ ಗುಸ್ತಾ” ಎಂದು ಹೇಳುತ್ತಾರೆ. 1948ರಲ್ಲಿ ಮೈಸೂರಿನಲ್ಲಿ ಅಷ್ಟಾಂಗ ಯೋಗ ಸಂಶೋಧನಾ ಸಂಸ್ಥೆ ಕಟ್ಟಿದ ಕೆ. ಪಟ್ಟಾಭಿ ಜೋಯಿಸರು (1915–2009) ಈ ಶತಮಾನದ ಆರಂಭದಲ್ಲಿ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ, ನಮ್ಮ ತರಕಾರಿ ಅಂಗಡಿಗಳಿಗೆ ಸ್ಪ್ಯಾನಿಷ್ ಹೊಸದಾಗಿ ಉಳಿದಿಲ್ಲ.

ತರಕಾರಿ ಒಂದೇ. ಅದರ ಹೆಸರುಗಳೂ ಒಂದೇ ಬಳ್ಳಿಯವು. ಭಾರತದಲ್ಲಿ ಹುಟ್ಟಿದ ಹೆಸರು ಪರ್ಷಿಯನ್ನರನ್ನು ದಾಟಿ ಅರಬರ ಬಾಯಲ್ಲಿ ಬಾದಿಂಜಾನ್ ಆಯಿತು. ಅವರ ಜೊತೆ ಸ್ಪೇನಿಗೆ ಹೋಗಿ ಬೆರೆನ್‌ಹೇನಾ ಎನಿಸಿಕೊಂಡಿತು. ಪೋರ್ಚುಗೀಸರಲ್ಲಿ ಬೆರಿಂಜೆಲಾ ಆಗಿ, ಅವರ ಹಡಗು ಹತ್ತಿ ನಮ್ಮ ಕರಾವಳಿಗೇ ಮರಳಿ, ಭಾರತದ ಇಂಗ್ಲಿಷಿನಲ್ಲಿ ಬ್ರಿಂಜಾಲ್ ಆಗಿ ನಿಂತಿತು. ಹೆಸರು ಇಷ್ಟು ದೂರ ಸುತ್ತಿ ಬಂದರೂ ನೆಂಟಸ್ತನ ಬಿಡಲಿಲ್ಲ. ಅದನ್ನು ಬೇಡವೆನ್ನುವ ವಾಕ್ಯಗಳು ಮಾತ್ರ ಒಂದೊಂದು ದಿಕ್ಕಿಗೆ ಮುಖ ಮಾಡಿವೆ. ಆ ವಾಕ್ಯಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ, ಬೇಡವೆನ್ನುವುದರಲ್ಲಿ ಎಷ್ಟು ಬಗೆಯಿದೆ, ಯಾವ ಬಗೆಗೆ ಎಷ್ಟು ಹೊಣೆಯಿದೆ ಎಂಬುದು ಕಾಣುತ್ತದೆ.

ಪ್ರಥಮಾ, ಚತುರ್ಥೀ

ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ‘ನಾನು’ ಪ್ರಥಮಾ; ಕೆಲಸ ಮಾಡುವವನು ಅಲ್ಲಿ ಇರುತ್ತಾನೆ. ‘ನನಗೆ’ ಚತುರ್ಥೀ, ಏನನ್ನೋ ಪಡೆಯುವವನು, ಯಾವುದಕ್ಕೋ ಒಳಗಾಗುವವನು ಅಲ್ಲಿ ಇರುತ್ತಾನೆ. ಇಂಗ್ಲಿಷಿನ ‘ಐ ಡೋಂಟ್ ಲೈಕ್’ ಎಂಬಲ್ಲಿ ನಾನೇ ಕರ್ತೃ, ಬದನೆಕಾಯಿ ಕರ್ಮ. ಸ್ಪ್ಯಾನಿಷ್‌ನ ‘ನೋ ಮೆ ಗುಸ್ತಾ’ದಲ್ಲಿ ‘ಮೆ’ ಅಂದರೆ ನನಗೆ. ವಾಕ್ಯದ ಯಜಮಾನಿಕೆ ಬದನೆಕಾಯಿಯದು. ಕಾಯಿ ಒಂದಿದ್ದರೆ ‘ಗುಸ್ತಾ’, ಹಲವಿದ್ದರೆ ‘ಗುಸ್ತಾನ್’. ಬೇಡವೆನ್ನುವವರು ಒಬ್ಬರೋ ನೂರು ಮಂದಿಯೋ, ಕ್ರಿಯಾಪದಕ್ಕೆ ಅದು ಲೆಕ್ಕಕ್ಕಿಲ್ಲ.

ಕನ್ನಡದಲ್ಲೂ ಹೀಗೆಯೇ. “ನನಗೆ ಆ ಹುಡುಗಿ ಹಿಡಿಸಿದಳು” ಅನ್ನುವಾಗ ಕ್ರಿಯಾಪದ ಹುಡುಗಿಯನ್ನು ಹಿಂಬಾಲಿಸುತ್ತದೆ. “ನಾನು ಆ ಹುಡುಗಿಯನ್ನು ಮೆಚ್ಚಿದೆ” ಅಂದೊಡನೆ ಅದು ನನ್ನ ಕಡೆಗೆ ತಿರುಗುತ್ತದೆ. ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡದ ಹುಡುಗರಿಗೆ ಇದು ದೊಡ್ಡ ಅನುಕೂಲ. ಇಂಗ್ಲಿಷ್ ಮೂಲಕ ಕಲಿತರೆ ಈ ರಚನೆ ತಲೆಕೆಳಗಾಗಿ ಕಾಣುತ್ತದೆ. ನೇರವಾಗಿ ಕನ್ನಡದಿಂದ ಹೋದರೆ ಮನೆಯ ಮಾತಿನಂತೆ ಬಾಯಿಗೆ ಬರುತ್ತದೆ.

ನಮ್ಮಲ್ಲಿ ಇದು ಇಷ್ಟಾನಿಷ್ಟಕ್ಕೆ ಮಾತ್ರ ಸೀಮಿತವಲ್ಲ. ನನಗೆ ಹಸಿವಾಯಿತು, ಜ್ವರ ಬಂತು, ಕೋಪ ಬಂತು, ನೆನಪಾಯಿತು, ಗೊತ್ತು, ಬೇಕು, ಸಾಕು. ಮೈಗೂ ಮನಸ್ಸಿಗೂ ಆಗುವುದನ್ನೆಲ್ಲ ಕನ್ನಡ ‘ನನಗೆ’ ಎಂದೇ ಹೇಳುತ್ತದೆ. ಹಿಂದಿ, ಮರಾಠಿ, ತಮಿಳು, ತೆಲುಗು, ಮಲಯಾಳಂಗಳಲ್ಲೂ ಇದರದೇ ರೂಪಗಳಿವೆ. ಭಾಷಾವಿಜ್ಞಾನಿ ಕಾಲಿನ್ ಮಸಿಕಾ 1976ರ ತಮ್ಮ ಗ್ರಂಥದಲ್ಲಿ, ಬೇರೆ ಬೇರೆ ಕುಲದ ಭಾಷೆಗಳು ನೆರೆಹೊರೆಯಲ್ಲಿ ಬಾಳಿ ಹಂಚಿಕೊಂಡ ಲಕ್ಷಣಗಳಲ್ಲಿ ಇದನ್ನೂ ಎಣಿಸಿದರು. ಕನ್ನಡದ ವಿದ್ವಾಂಸ ಎಸ್.ಎನ್. ಶ್ರೀಧರ್ 1970ರ ದಶಕದಲ್ಲಿ ಕನ್ನಡದ ವಾಕ್ಯಗಳನ್ನೇ ಹಿಡಿದು ಈ ರಚನೆಯನ್ನು ಶೋಧಿಸಿದರು. “ಅವನಿಗೆ ತನ್ನ ಕೆಲಸ ಹಿಡಿಸಲಿಲ್ಲ” ಎಂಬ ಮಾತನ್ನು ತೆಗೆದುಕೊಳ್ಳಿ. ಇಲ್ಲಿ ‘ತನ್ನ’ ಯಾರದು? ಅವನದು. ಸಾಮಾನ್ಯವಾಗಿ ಕರ್ತೃವಿನ ಕಡೆಗೆ ಬೊಟ್ಟು ಮಾಡುವ ಪದ ಅದು. ಅಂದರೆ ಚತುರ್ಥಿಯ ಉಡುಪಿನಲ್ಲಿದ್ದರೂ ‘ಅವನಿಗೆ’ ಅನ್ನುವವನು ವಾಕ್ಯದ ನಡುಮನೆಯಲ್ಲೇ ಕೂತಿದ್ದಾನೆ. ಅನುಭವ ಅವನದೇ, ಅದನ್ನು ಅವನು ಮಾಡಿದ್ದಲ್ಲ, ಅಷ್ಟೇ.

ಸಂಸ್ಕೃತ ವ್ಯಾಕರಣಕ್ಕೂ ಈ ಸೂಕ್ಷ್ಮ ತಿಳಿದಿತ್ತು. ರುಚಿಸುವುದು ಎಂಬರ್ಥದ ಧಾತು ಬಂದಾಗ ಯಾರಿಗೆ ರುಚಿಸುತ್ತದೋ ಅವರಿಗೆ ಚತುರ್ಥಿ ಎಂದು ಪಾಣಿನಿ ಪ್ರತ್ಯೇಕವಾಗಿಯೇ ವಿಧಿಸಿದ್ದಾನೆ. ದೇವದತ್ತನಿಗೆ ಮೋದಕ ರುಚಿಸುತ್ತದೆ ಎಂಬುದು ಪಾಠಶಾಲೆಯ ಮಕ್ಕಳಿಗೂ ಪರಿಚಿತವಾದ ಉದಾಹರಣೆ.

ಅಡುಗೆಮನೆಯ ನಿಘಂಟು

ಬೇಡವೆನ್ನುವ ಕಲೆ ಕನ್ನಡದಲ್ಲಿ ಅತ್ಯಂತ ನಯವಾಗಿ ಬೆಳೆದಿರುವುದು ಅಡುಗೆಮನೆಯಲ್ಲಿ. ಮೈಸೂರು ಸೀಮೆಯ ಮನೆಗಳಲ್ಲಿ ದಿನವೂ ಕೇಳುವ ನಾಲ್ಕೈದು ಮಾತುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಅರ್ಥವಾಗುತ್ತದೆ.

“ಬದನೆಕಾಯಿ ಸೇರಲ್ಲ” ಅಂದರೆ ನಾಲಿಗೆಯ ಮಾತು. ಬಾಯಿಗೆ ಹೋದರೂ ಒಳಗೆ ಇಳಿಯುವುದಿಲ್ಲ. “ಮೊಸರು ಒಗ್ಗಲ್ಲ” ಅಂದರೆ ದೇಹದ ಮಾತು. ತಿನ್ನಲು ಆಸೆಯಿರಬಹುದು, ತಿಂದರೆ ಶೀತ. “ಹಲಸಿನಹಣ್ಣು ಆಗಿಬರಲ್ಲ” ಅಂದರೆ ಅನುಭವದ ಮಾತು. ಹಿಂದೆ ತಿಂದು ಪಾಡುಪಟ್ಟದ್ದುಂಟು. “ಗಾಯ ಇದೆ, ಬದನೆಕಾಯಿ ನಂಜು” ಅಂದರೆ ಇವತ್ತಿನ ಮಟ್ಟಿಗೆ ಬೇಡ, ನಾಳೆ ನೋಡೋಣ. “ಯಾಕೋ ಇವತ್ತು ಊಟ ರುಚಿಸ್ತಿಲ್ಲ” ಅಂದರೆ ಅಡುಗೆಯ ತಪ್ಪೇನಿಲ್ಲ, ಮನಸ್ಸು ಸರಿಯಿಲ್ಲ. ಇವನ್ನೆಲ್ಲ ಒಂದೇ ‘ಐ ಡೋಂಟ್ ಲೈಕ್’ಗೆ ಇಳಿಸಿದರೆ ಬಡಿಸುವವರಿಗೆ ತಿಳಿಯಬೇಕಾದದ್ದು ತಿಳಿಯುವುದಿಲ್ಲ. ಸೇರದವರಿಗೆ ಬೇರೆ ಪಲ್ಯ ಮಾಡಬೇಕು, ಒಗ್ಗದವರಿಗೆ ಮಜ್ಜಿಗೆ ಕೊಡಬಹುದು, ರುಚಿಸದವರನ್ನು ಪಕ್ಕ ಕೂತು ಮಾತಾಡಿಸಬೇಕು. ಮಾತಿನ ಬಗೆ ಬದಲಾದ ಹಾಗೆ ಆರೈಕೆಯ ಬಗೆಯೂ ಬದಲಾಗುತ್ತದೆ.

ಈ ಎಲ್ಲ ಮಾತುಗಳಿಗೂ ಸಮಾನವಾದ ಒಂದು ಮರ್ಯಾದೆಯಿದೆ: ಪದಾರ್ಥಕ್ಕೂ ಪೆಟ್ಟಿಲ್ಲ, ಮಾಡಿದವರಿಗೂ ಪೆಟ್ಟಿಲ್ಲ. ಅನ್ನವನ್ನು ನಿಂದಿಸಬಾರದು ಎಂಬುದು ತೈತ್ತಿರೀಯ ಉಪನಿಷತ್ತು ಹೇಳುವ ವ್ರತ. ಉಪನಿಷತ್ತನ್ನು ಓದದ ಅಜ್ಜಿಯರೂ ಅದನ್ನು ಪಾಲಿಸಿದರು. ತಟ್ಟೆ ತಳ್ಳಿದ ಮಗುವಿಗೆ “ಹಾಗನ್ನಬಾರದು ಪುಟ್ಟಾ, ನಂಗೆ ಸೇರಲ್ಲ ಅನ್ನು ಸಾಕು” ಎಂದು ತಿದ್ದಿದ ಅಜ್ಜಿ ತಾನು ವ್ಯಾಕರಣ ಕಲಿಸುತ್ತಿದ್ದೇನೆಂದು ಭಾವಿಸಿರಲಾರಳು. ಆದರೆ ಪ್ರಥಮೆಯಿಂದ ಚತುರ್ಥಿಗೆ ಆ ಮಗುವನ್ನು ಕರೆತಂದವಳು ಅವಳೇ.

‘ದ್ವೇಷ’ ಎಂಬ ಪದ ಅಡುಗೆಮನೆಗೆ ಕಾಲಿಡುವುದೇ ಇಲ್ಲ. ಕನ್ನಡದಲ್ಲಿ ದ್ವೇಷ ಕಟ್ಟಿಕೊಳ್ಳುವುದು ಮನುಷ್ಯರ ಮೇಲೆ. ಹಗೆ ಸಾಧಿಸುವುದು ಮನೆತನಗಳ ನಡುವೆ. ಅದಕ್ಕೆ ಕಾರಣ ಬೇಕು, ಕಾಲ ಬೇಕು, ಎದುರಾಳಿ ಬೇಕು. ಡಬ್ಬಿಂಗ್ ಸಿನಿಮಾದಲ್ಲಿ ಪಾತ್ರವೊಂದು “ನಾನು ಮಳೆಯನ್ನು ದ್ವೇಷಿಸುತ್ತೇನೆ” ಅಂದಾಗ ಕಿವಿಗೆ ಒರಟಾಗುವುದು ಇದಕ್ಕೇ. ಇಂಗ್ಲಿಷಿನ ‘ಹೇಟ್’ ಬಳಕೆಯಿಂದ ಸವೆದು ಹಗುರವಾಗಿದೆ; ಸೊಪ್ಪಿಗೂ ಸೋಮವಾರಕ್ಕೂ ಸಲ್ಲುತ್ತದೆ. ನಮ್ಮ ದ್ವೇಷ ಇನ್ನೂ ಭಾರವಾಗಿಯೇ ಉಳಿದಿದೆ. ಅದು ಹಾಗೇ ಉಳಿಯುವುದು ಒಳ್ಳೆಯದು. ತಟ್ಟೆಯ ಮೇಲಿನ ಪಲ್ಯಕ್ಕೂ ಪಕ್ಕದ ಬೀದಿಯ ಮನುಷ್ಯನಿಗೂ ಒಂದೇ ಪದ ಬಳಸಿ ಬೆಳೆದ ಮಗುವಿಗೆ, ಎರಡನೆಯದು ಎಷ್ಟು ಗಂಭೀರವೆಂದು ಬೇರೆಯಾಗಿ ಹೇಳಿಕೊಡಬೇಕಾಗುತ್ತದೆ.

ವ್ಯಕ್ತಿಗಳ ಮಾತು ಬಂದಾಗ

ಸ್ಪ್ಯಾನಿಷ್ ಮಾತಾಡುವವರಲ್ಲಿ ಊಟಕ್ಕೂ ಮನುಷ್ಯರಿಗೂ ಬೇರೆ ಮಾತುಗಳಿವೆ. ಒಬ್ಬರ ಸ್ವಭಾವ ಹಿಡಿಸದಿದ್ದರೆ “ಮೆ ಕಾಯೆ ಮಾಲ್” ಅನ್ನುತ್ತಾರೆ. ಆ ಮನುಷ್ಯ ನನ್ನ ಮೇಲೆ ಕೆಟ್ಟದಾಗಿ ಬೀಳುತ್ತಾನೆ ಎಂಬುದು ಅದರ ಒಳಗಿನ ಚಿತ್ರ. ತಿಂದದ್ದು ಹೊಟ್ಟೆಗೆ ಆಗಿಬರದಾಗಲೂ ಇದೇ ಮಾತು ಸಲ್ಲುತ್ತದೆ. ಸಿಟ್ಟು ಹೆಚ್ಚಿದರೆ ಯಕೃತ್ತಿಗೆ ಒದ್ದ ಹಾಗೆ ಬೀಳುತ್ತಾನೆ ಎಂಬಲ್ಲಿಗೂ ಹೋಗುತ್ತಾರೆ. ನಮಗೆ ಅಸಹ್ಯ ‘ಆಗುತ್ತದೆ’, ಅವರಿಗೆ ಆ ವಸ್ತು ಅಸಹ್ಯ ‘ಕೊಡುತ್ತದೆ’: “ಮೆ ದಾ ಆಸ್ಕೊ”. ಸೈರಣೆ ತೀರಿದಾಗ ಮಾತ್ರ ‘ನಾನು’ ಎದ್ದು ಬರುತ್ತಾನೆ: “ನೋ ಲೊ ಆಗ್ವಾಂತೊ”, ಅವನನ್ನು ನಾನು ತಾಳಲಾರೆ; “ಓದಿಯೊ”, ನಾನು ದ್ವೇಷಿಸುತ್ತೇನೆ.

ಕನ್ನಡದ ಏಣಿಯೂ ಇದೇ ಎತ್ತರಕ್ಕೆ ಏರುತ್ತದೆ. “ಅವನು ಯಾಕೋ ಹಿಡಿಸಲ್ಲ”, “ಅವನ್ನ ಕಂಡ್ರೆ ನಂಗಾಗಲ್ಲ”, “ಅವನ ಹೆಸರೆತ್ತಿದ್ರೆ ಮೈ ಉರಿಯುತ್ತೆ”, ಕೊನೆಗೆ “ಅವನ ಮುಖ ನೋಡಲಾರೆ”. ಮೊದಲ ಮೂರರಲ್ಲಿ ನನಗೆ ಏನೋ ಆಗುತ್ತಿದೆ. ನಾಲ್ಕನೆಯದರಲ್ಲಿ ನಾನು ತೀರ್ಮಾನಿಸಿದ್ದೇನೆ. ‘ಲಾರೆ’ ಎಂಬ ಆ ಕೊನೆಯ ಎಕಾರದಲ್ಲಿ ನಾನು ಇದ್ದೇನೆ.

ಇಂಗ್ಲಿಷಿನಲ್ಲಿ ಆರಂಭದಿಂದಲೇ ‘ಐ’ ಮುಂದೆ ನಿಂತಿರುವುದರಿಂದ, ನಯವನ್ನು ವ್ಯಾಕರಣದ ಹೊರಗಿನಿಂದ ತರಬೇಕಾಗುತ್ತದೆ. ಕ್ಷಮಿಸಿ ಎಂದು ಆರಂಭಿಸುವುದು, ಅಷ್ಟೇನೂ ಅಲ್ಲ ಎಂದು ತಗ್ಗಿಸುವುದು, ನನ್ನ ಚಹಾದ ಬಟ್ಟಲಲ್ಲ ಎಂದು ಬಳಸಿ ಹೇಳುವುದು, ಕುತೂಹಲಕರವಾಗಿದೆ ಎಂದು ಜಾರಿಕೊಳ್ಳುವುದು. ಇಂಗ್ಲಿಷ್ ಆಡುವವರು ಒರಟರಲ್ಲ. ಅವರ ನಯ ಬೇರೆ ಪೆಟ್ಟಿಗೆಯಲ್ಲಿದೆ. ಮಾತಿನ ಮರ್ಯಾದೆಯ ಬಗ್ಗೆ ಪೆನಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನ ಮೂರು ಭಾಷೆಗಳನ್ನು ಆಧರಿಸಿತ್ತು: ಇಂಗ್ಲಿಷ್, ಮೆಕ್ಸಿಕೋದ ಮಾಯಾ ಕುಲದ ತ್ಸೆಲ್ತಾಲ್, ಮತ್ತು ಕೊಯಮತ್ತೂರು ಕಡೆಯ ತಮಿಳು. ಎದುರಿನವರ ಮುಖ ಉಳಿಸುವುದೇ ಮರ್ಯಾದೆಯ ಮೂಲ ಎಂಬುದು ಅವರ ವಾದ. ಮುಖಕ್ಕೆ ಹೊಡೆದ ಹಾಗೆ ಹೇಳಬೇಡ ಎಂದು ಮಕ್ಕಳಿಗೆ ಬುದ್ಧಿ ಹೇಳುವ ನಮಗೆ ಇದು ಒಪ್ಪಿತವಾದ ಮಾತೇ.

ಇಂಗ್ಲಿಷೂ ಒಮ್ಮೆ ಹೀಗೇ ಇತ್ತು

‘ನನಗೆ’ ಎನ್ನುವ ಭಾಷೆ ವಿನಯದ್ದು, ‘ನಾನು’ ಎನ್ನುವ ಭಾಷೆ ಅಹಂಕಾರದ್ದು ಎಂದು ತೀರ್ಪು ಕೊಡಲು ಹೊರಟರೆ ಚರಿತ್ರೆ ಅಡ್ಡ ನಿಲ್ಲುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಲೈಕ್’ ಎಂಬುದರ ಪೂರ್ವರೂಪಕ್ಕೆ ಹಿಡಿಸು ಎಂಬ ಅರ್ಥವಿತ್ತು. ಹಿಡಿಸಿದ್ದು ಯಾರಿಗೋ ಅವರು ಚತುರ್ಥಿಯಲ್ಲಿ ಇರುತ್ತಿದ್ದರು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ಇದನ್ನು ವಿವರಿಸಲು ಒಂದು ವಾಕ್ಯ ಕಟ್ಟಿದ: ರಾಜನಿಗೆ ಪೇರುಹಣ್ಣುಗಳು ಹಿಡಿಸಿದವು. ಕಾಲ ಕಳೆದಂತೆ ಇಂಗ್ಲಿಷಿನ ನಾಮಪದಗಳು ವಿಭಕ್ತಿ ಪ್ರತ್ಯಯಗಳನ್ನು ಉದುರಿಸಿಕೊಂಡವು. ‘ರಾಜನಿಗೆ’ ಎಂಬುದು ಬರೀ ‘ರಾಜ’ ಆಯಿತು. ವಾಕ್ಯದ ಮೊದಲಲ್ಲಿ ನಿಂತವನೇ ಕರ್ತೃ ಎಂಬ ರೂಢಿ ಗಟ್ಟಿಯಾಯಿತು. ರಾಜ ಕೂತಲ್ಲೇ ಕೂತಿದ್ದ. ಅವನ ಪಟ್ಟ ಮಾತ್ರ ಬದಲಾಯಿತು. ಹಳೆಯ ರಚನೆ ಶೇಕ್ಸ್‌ಪಿಯರನ ಕಾಲದವರೆಗೂ ಉಸಿರಾಡುತ್ತಿತ್ತು. ‘ಕಿಂಗ್ ಲಿಯರ್’ ನಾಟಕದಲ್ಲಿ ಆಸ್ವಾಲ್ಡ್‌ನನ್ನು ಯಾಕೆ ಬೈಯುತ್ತೀ ಎಂದು ಕೇಳಿದಾಗ ಕೆಂಟ್ ಕೊಡುವ ಉತ್ತರ, ಅವನ ಮುಖ ನನಗೆ ಹಿಡಿಸದು ಎಂಬ ನಮ್ಮ ಮಾತಿನ ಅಚ್ಚಿನಲ್ಲೇ ಇದೆ.

ಸ್ಪ್ಯಾನಿಷ್ ನಡೆದದ್ದು ಎದುರು ದಿಕ್ಕಿನಲ್ಲಿ. ‘ಗುಸ್ತಾರ್’ ಅಂದರೆ ಮೊದಲು ಸವಿದು ನೋಡು ಎಂದರ್ಥ. ಸವಿಯುವವನು ಕರ್ತೃವಾಗಿಯೇ ಇದ್ದ. ಹಳೆಯ ಬರವಣಿಗೆಯಲ್ಲಿ ಸಾಮಾನ್ಯವಾಗಿದ್ದ ಆ ರಚನೆ ಹಿಂದೆ ಸರಿದು, ‘ನನಗೆ’ ಎಂಬುದು ಮುಂದೆ ಬಂದದ್ದು ಕಳೆದ ಕೆಲವು ಶತಮಾನಗಳಲ್ಲಿ. ಇಂಗ್ಲಿಷರು ಇದ್ದಕ್ಕಿದ್ದಂತೆ ಗರ್ವಿಗಳಾಗಲಿಲ್ಲ, ಸ್ಪೇನಿನವರು ಇದ್ದಕ್ಕಿದ್ದಂತೆ ವಿನೀತರಾಗಲಿಲ್ಲ. ವ್ಯಾಕರಣ ನಮ್ಮ ಗುಣವನ್ನು ನಿರ್ಧರಿಸುವುದಿಲ್ಲ. ಅದು ದಾರಿಗಳನ್ನು ಕೊಡುತ್ತದೆ. ಆರಿಸಿಕೊಳ್ಳುವುದು ನಮ್ಮ ಕೆಲಸ.

ಒಂಬತ್ತು ಮೆಟ್ಟಿಲು

ಒಂಟಿಕೊಪ್ಪಲಿನ ಪಕ್ಕದಲ್ಲೇ, ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ನಮ್ಮೂರಿನವರಿಗೆ ಅದು ಸಿಎಫ್‌ಟಿಆರ್‌ಐ. ಅಲ್ಲಿ ಸಾಂಪ್ರದಾಯಿಕ ಆಹಾರ ಮತ್ತು ಸಂವೇದನಾ ವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ತಿನಿಸು ಜನರಿಗೆ ಎಷ್ಟು ಹಿಡಿಸುತ್ತದೆ, ಎಷ್ಟು ಹಿಡಿಸುವುದಿಲ್ಲ ಎಂದು ಅಳೆಯುವುದು ಈ ವಿಜ್ಞಾನದ ದಿನನಿತ್ಯದ ಕೆಲಸ.

ಇದಕ್ಕೆ ಜಗತ್ತಿನಾದ್ಯಂತ ಬಳಸುವ ಅಳತೆಗೋಲು ಒಂಬತ್ತು ಮೆಟ್ಟಿಲಿನದು. ಅಮೆರಿಕದ ಸೇನೆಯ ಆಹಾರ ಸಂಸ್ಥೆಯಲ್ಲಿ ಡೇವಿಡ್ ಪೆರಿಯಮ್ ಮತ್ತು ಸಂಗಡಿಗರು ಸೈನಿಕರ ಊಟಕ್ಕಾಗಿ ಇದನ್ನು ರೂಪಿಸಿದರು. ಸೈನಿಕರ ಮುಂದೆ ಅನೇಕ ಪದಗುಚ್ಛಗಳನ್ನಿಟ್ಟು, ಯಾವ ಮಾತಿಗೆ ಎಷ್ಟು ತೂಕವಿದೆ ಎಂದು ಮೊದಲು ಪರೀಕ್ಷಿಸಲಾಯಿತು. 1957ರಲ್ಲಿ ಪೆರಿಯಮ್ ಮತ್ತು ಪಿಲ್‌ಗ್ರಿಮ್ ಬರೆದ ಪ್ರಬಂಧದ ನಂತರ ಇದು ಎಲ್ಲೆಡೆ ಹರಡಿತು. ಮೇಲೆ ಇಷ್ಟದ ನಾಲ್ಕು ಮೆಟ್ಟಿಲು, ಕೆಳಗೆ ಇಷ್ಟವಾಗದ ನಾಲ್ಕು, ನಡುವೆ ಎರಡೂ ಅಲ್ಲದ ಒಂದು.

ಇದನ್ನು ಕನ್ನಡಕ್ಕೆ ತರಲು ಒಮ್ಮೆ ಕೂತು ನೋಡಿ. ಮೇಲಿನ ನಾಲ್ಕು ಮೆಟ್ಟಿಲು ಸರಾಗವಾಗಿ ಬರುತ್ತವೆ. ಕೆಳಗೆ ಇಳಿಯುವಾಗ ಕಾಲು ತಡವರಿಸುತ್ತದೆ. ಇಂಗ್ಲಿಷಿನ ‘ಡಿಸ್‌ಲೈಕ್’ ತನ್ನಷ್ಟಕ್ಕೆ ಒಂದು ಭಾವ. ಅದನ್ನು ಹೆಚ್ಚು ಕಡಿಮೆ ಮಾಡಬಹುದು. ಸ್ಪ್ಯಾನಿಷ್‌ನ ‘ಮೆ ದಿಸ್ಗುಸ್ತಾ’ ಕೂಡ ಹಾಗೇ. ಕನ್ನಡದ ‘ಇಷ್ಟವಿಲ್ಲ’ ಎಂಬುದು ಇಷ್ಟದ ಅಭಾವ. ಅಭಾವವನ್ನು ಸ್ವಲ್ಪ, ಸಾಧಾರಣ, ವಿಪರೀತ ಎಂದು ವಿಂಗಡಿಸುವುದು ಸುಲಭವಲ್ಲ. “ಸ್ವಲ್ಪ ಇಷ್ಟವಿಲ್ಲ” ಅಂದರೆ ಅರ್ಥ ಕುಂಟುತ್ತದೆ. “ಸ್ವಲ್ಪವೂ ಇಷ್ಟವಿಲ್ಲ” ಅಂದರೆ ಒಂದೇ ‘ಊ’ ಸೇರಿ ಮೇಲಿನ ಮೆಟ್ಟಿಲಿನಿಂದ ನೇರ ತಳಕ್ಕೆ ಬೀಳುತ್ತೇವೆ. ಇಷ್ಟಕ್ಕೆ ಎದುರುಪದವೆಂದು ‘ಅನಿಷ್ಟ’ ಬರೆಯೋಣವೆಂದರೆ ಅದು ಆಡುಮಾತಿನಲ್ಲಿ ಕೇಡು, ಅಪಶಕುನ. ಯಾರ ಮನೆಯ ಹಪ್ಪಳಕ್ಕೂ ಆ ಮಾತು ಬೇಡ. ರುಚಿ ನೋಡಲು ಕೂತವರು ಬಹುಶಃ “ಪರವಾಗಿಲ್ಲ” ಅಂದುಬಿಡುತ್ತಾರೆ. ಮೈಸೂರಿನಲ್ಲಿ ಪರವಾಗಿಲ್ಲ ಎಂಬುದು ಹೇಳುವ ಧಾಟಿಗೆ ತಕ್ಕಂತೆ ನಾಲ್ಕನೆಯ ಮೆಟ್ಟಿಲೂ ಆಗಬಹುದು, ಏಳನೆಯದೂ ಆಗಬಹುದು. ಅಳತೆಗೋಲು ಒಳ್ಳೆಯದೇ. ಆದರೆ ಅದನ್ನು ಕನ್ನಡದಲ್ಲಿ ಬಳಸುವವರು ಅಡುಗೆಮನೆಯ ಮಾತುಗಳನ್ನು ಕೇಳಿಸಿಕೊಂಡು, ಸೇರಲ್ಲ, ಹಿಡಿಸಲ್ಲ, ಬಾಯಿಗಿಡಲಾರೆ ಎಂಬ ನಮ್ಮದೇ ಮೆಟ್ಟಿಲುಗಳನ್ನು ಕಟ್ಟಿಕೊಂಡರೆ ಉತ್ತರ ನಿಜಕ್ಕೆ ಹತ್ತಿರವಾದೀತು.

ಉದಯರವಿಯ ಕವಿಗೆ ಸಿಕ್ಕ ‘ಇಲ್ಲ’

ರುಚಿಯ ಮಾತು ಬೇರೆ, ವಿಮರ್ಶೆಯ ಮಾತು ಬೇರೆ. “ನನಗೆ ಹಿಡಿಸಲಿಲ್ಲ” ಅಂದವರನ್ನು ಯಾಕೆ ಎಂದು ಕೇಳುವಂತಿಲ್ಲ. “ಇದು ಸರಿಯಿಲ್ಲ” ಅಂದವರು ಕಾರಣ ಕೊಡಬೇಕು. ಸಾಧ್ಯವಾದರೆ ದಾರಿಯನ್ನೂ ತೋರಬೇಕು. ಒಂಟಿಕೊಪ್ಪಲಿನಲ್ಲಿ ‘ಉದಯರವಿ’ ಕಟ್ಟಿಸಿ ಬಾಳಿದ ಕುವೆಂಪು ಅವರ ಜೀವನದಲ್ಲೇ ಇದಕ್ಕೆ ದೊಡ್ಡ ನಿದರ್ಶನವಿದೆ.

ಕುವೆಂಪು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಟ್ಟ ಸಂಕಲನ ಅಚ್ಚಾಗಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ, ಇಪ್ಪತ್ತು ತುಂಬದ ಆ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಅವರ ಮುಂದೆ ನಿಂತ. ಕಸಿನ್ಸ್ ಓದಿದರು, ಮೆಚ್ಚಲಿಲ್ಲ. ಮೆಚ್ಚಲಿಲ್ಲವೆಂಬುದನ್ನು ಮುಚ್ಚಿಡಲೂ ಇಲ್ಲ. ನಿನ್ನ ಭಾಷೆಯಲ್ಲಿ ಏನನ್ನಾದರೂ ಬರೆದಿದ್ದೀಯಾ ಎಂದು ವಿಚಾರಿಸಿ, ಕನ್ನಡದಲ್ಲೇ ಬರೆಯಲು ಹೇಳಿದರು. ಹುಡುಗನಿಗೆ ಆ ಹೊತ್ತಿಗೆ ನೋವಾಯಿತು. ಆದರೆ ಆ ನೋವು ಅವನನ್ನು ಕನ್ನಡಕ್ಕೆ ತಂದಿತು. ‘ಶ್ರೀ ರಾಮಾಯಣ ದರ್ಶನಂ’ ಬಂತು. ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂತು. ಈ ಭೇಟಿಯನ್ನು ಕುವೆಂಪು ‘ನೆನಪಿನ ದೋಣಿಯಲ್ಲಿ’ ಕೃತಜ್ಞತೆಯಿಂದ ನೆನೆದಿದ್ದಾರೆ.

ಕಸಿನ್ಸ್ ದಾಕ್ಷಿಣ್ಯಕ್ಕೆ ಬಿದ್ದು “ಪರವಾಗಿಲ್ಲ, ಚೆನ್ನಾಗಿದೆ” ಅಂದಿದ್ದರೆ ಏನಾಗುತ್ತಿತ್ತೋ ಊಹಿಸಬೇಕಿಲ್ಲ. ಅವರು ತಿರಸ್ಕರಿಸಿದ್ದು ಪದ್ಯಗಳನ್ನು, ಹುಡುಗನನ್ನಲ್ಲ. ಬೇಡ ಅಂದವರು ಅಲ್ಲಿಗೇ ನಿಲ್ಲಿಸದೆ ಬೇಕಾದದ್ದು ಎಲ್ಲಿದೆ ಎಂದೂ ಹೇಳಿದರು. ಶಿಷ್ಯರ ಹಾಳೆಗಳ ಮೇಲೆ ಕೆಂಪು ಶಾಯಿ ಹಿಡಿದು ಕೂರುವ ಎಲ್ಲ ಮೇಷ್ಟ್ರುಗಳಿಗೂ ಈ ಒಂದು ಭೇಟಿಯಲ್ಲಿ ಪಾಠವಿದೆ.

ಸಾಲಾವಳಿ ಕೂಡಿಬರಲಿಲ್ಲ

ಒಂಟಿಕೊಪ್ಪಲ್ ಎಂದೊಡನೆ ನಾಡಿನವರಿಗೆ ನೆನಪಾಗುವುದು ಪಂಚಾಂಗ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಯುಗಾದಿಗೆ ಹೊಸ ಒಂಟಿಕೊಪ್ಪಲ್ ಪಂಚಾಂಗ ಬರುತ್ತದೆ; ದೇವರ ಮುಂದಿಟ್ಟು, ಓದಿ, ಮೊಳೆಗೆ ನೇತುಹಾಕುತ್ತಾರೆ. ತಿಥಿ, ನಕ್ಷತ್ರ, ರಾಹುಕಾಲ ನೋಡಲು ಅದು ಬೇಕು. ಹುಡುಗ ಹುಡುಗಿಯ ಜಾತಕ ಹಿಡಿದು ಗಣ, ಯೋನಿ, ರಜ್ಜು, ನಾಡಿ ಎಂದು ಸಾಲಾವಳಿ ನೋಡುವಾಗಲೂ ಪಂಚಾಂಗ ಬೇಕು.

ಸಾಲಾವಳಿ ಇನ್ನೊಂದು ಕೆಲಸವನ್ನೂ ತಲೆಮಾರುಗಳಿಂದ ಮಾಡಿಕೊಂಡು ಬಂದಿದೆ. ಹೆಣ್ಣು ನೋಡಿ, ಉಪ್ಪಿಟ್ಟು ಕೇಸರಿಬಾತು ತಿಂದು, “ಊರಿಗೆ ಹೋಗಿ ಹೇಳಿಕಳಿಸ್ತೀವಿ” ಎಂದು ಎದ್ದವರು, ಹುಡುಗಿ ಹಿಡಿಸದಿದ್ದರೆ ಬರೆಯುತ್ತಿದ್ದ ಒಂದೇ ಸಾಲು: ಸಾಲಾವಳಿ ಕೂಡಿಬರಲಿಲ್ಲ. ಬಣ್ಣ ಹಿಡಿಸಲಿಲ್ಲ, ಮನೆತನ ಒಪ್ಪಿಗೆಯಾಗಲಿಲ್ಲ, ವರದಕ್ಷಿಣೆ ಸಾಲಲಿಲ್ಲ ಎಂಬ ಯಾವ ಕಾರಣವೂ ಆ ಕಾಗದದಲ್ಲಿ ಇರುತ್ತಿರಲಿಲ್ಲ. ಬೇಡ ಅಂದದ್ದು ಯಾರೂ ಅಲ್ಲ, ನಕ್ಷತ್ರಗಳು. ಎರಡು ಮನೆಗಳ ಮುಖ ಉಳಿಯುತ್ತಿತ್ತು. ನಾಳೆ ಅದೇ ದೇವಸ್ಥಾನದಲ್ಲಿ ಎದುರುಬದುರಾದರೆ ನಕ್ಕು ಮಾತಾಡಬಹುದಿತ್ತು. ಆ ಸಾಲಿನಲ್ಲಿ ಕರುಣೆಯೂ ಇತ್ತು ಎಂಬುದನ್ನು ನಾನು ಅಲ್ಲಗಳೆಯಲಾರೆ.

ಆದರೆ ಆ ಸೌಲಭ್ಯ ಯಾರಿಗಿತ್ತು? ನೋಡಲು ಬಂದವರಿಗೆ. ಒಳಕೋಣೆಯಲ್ಲಿ ನಿಂತ ಹುಡುಗಿಗೆ ಆ ಹುಡುಗ ಹಿಡಿಸದಿದ್ದರೆ ಅವಳ ಪರವಾಗಿ ಸುಳ್ಳು ಹೇಳಲು ನಕ್ಷತ್ರಗಳು ಬರುತ್ತಿರಲಿಲ್ಲ. “ನಂಗೆ ಯಾಕೋ ಮನಸ್ಸಿಲ್ಲಮ್ಮ” ಎಂದು ಅವಳು ತಾಯಿಯ ಕಿವಿಯಲ್ಲಿ ಹೇಳಿದರೆ, ಆ ಚತುರ್ಥಿಯ ಮೃದುತ್ವವೇ ಅವಳಿಗೆ ಮುಳುವಾಗುತ್ತಿತ್ತು. ಮನಸ್ಸಿಲ್ಲವೆಂಬುದು ಹಸಿವಿಲ್ಲವೆಂಬಂತೆ, ಇವತ್ತಿಲ್ಲ, ನಾಳೆ ಬಂದೀತು, ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತೆ ಎಂಬ ಸಮಾಧಾನ ಸಿದ್ಧವಾಗಿರುತ್ತಿತ್ತು. ಒತ್ತಾಯದಿಂದ ಪಡೆದ ಒಪ್ಪಿಗೆಯ ಮದುವೆಯನ್ನು ರದ್ದುಪಡಿಸಲು 1955ರ ಹಿಂದೂ ವಿವಾಹ ಕಾಯ್ದೆ ಅವಕಾಶ ಕೊಟ್ಟಿದೆ. ಕಾಯ್ದೆಯ ಬಾಗಿಲವರೆಗೆ ಹೋಗಬೇಕಾದರೆ ಮೊದಲು ಬಾಯಿಂದ ಒಂದು ಗಟ್ಟಿ ಮಾತು ಹೊರಡಬೇಕು. ದಾಕ್ಷಿಣ್ಯಕ್ಕೆ ಬಸಿರಾಗುವ ಗಾದೆಯನ್ನು ಕಟ್ಟಿದ ನಾಡಿಗೆ, ದಾಕ್ಷಿಣ್ಯದ ಬೆಲೆ ತೆರುವವರು ಯಾರೆಂದು ಚೆನ್ನಾಗಿಯೇ ಗೊತ್ತಿತ್ತು.

ಮರಳಿ ಬರಬೇಕಾದ ‘ಒಲ್ಲೆ’

ಆ ಗಟ್ಟಿ ಮಾತು ಕನ್ನಡದಲ್ಲಿ ಇದೆ. ‘ಒಲ್ಲೆ’. ಕಿರಿದಾದ ಈ ಪದದಲ್ಲಿ ಕರ್ತೃವಿದೆ, ನಿಷೇಧವಿದೆ, ಸಂಕಲ್ಪವಿದೆ. ಹಳಗನ್ನಡದಲ್ಲಿ ಪ್ರತಿ ಕ್ರಿಯಾಪದಕ್ಕೂ ಹೀಗೆ ನಿಷೇಧರೂಪವಿತ್ತು: ಮಾಡೆನ್, ಕೊಡೆನ್, ಅರಿಯೆನ್. ಯಾರು ಮಾಡುವುದಿಲ್ಲ ಎಂಬುದು ಆ ಪದದ ಬಾಲದಲ್ಲೇ ತಿಳಿಯುತ್ತಿತ್ತು. ಇವತ್ತಿನ ಮೈಸೂರಿನ ಮಾತಿನಲ್ಲಿ ನಾನು ಮಾಡಲ್ಲ, ನೀನು ಮಾಡಲ್ಲ, ಅವರು ಮಾಡಲ್ಲ. ಎಲ್ಲರಿಗೂ ಒಂದೇ ‘ಮಾಡಲ್ಲ’. ಬೇಡವೆನ್ನುವಲ್ಲಿ ‘ನಾನು’ ಕ್ರಿಯಾಪದದಿಂದಲೇ ಜಾರಿಹೋಗಿದ್ದಾನೆ. ಧಾರವಾಡದ ಕಡೆ “ನಾ ಒಲ್ಲೆ” ಇನ್ನೂ ಜೀವಂತವಾಗಿದೆ. ಅಲ್ಲಿ ಮಗು ಹಾಲು ಒಲ್ಲೆ ಅನ್ನುತ್ತದೆ, ಹರೆಯದವಳು ಸಂಬಂಧ ಒಲ್ಲೆ ಅನ್ನುತ್ತಾಳೆ. ರಾಜ ಕೌಶಿಕನನ್ನು ಬಿಟ್ಟು ನಡೆದ ಅಕ್ಕಮಹಾದೇವಿಯ 12ನೆಯ ಶತಮಾನದ ನಿಲುವಿಗೆ ಇದಕ್ಕಿಂತ ಒಪ್ಪುವ ಪದವಿಲ್ಲ.

ಈಗಿನ ಮಕ್ಕಳ ಕೈಗೆ ಬೇರೊಂದು ‘ನಾನು’ ಬಂದಿದೆ. ಫೋನಿನಲ್ಲಿ ಇಷ್ಟವಾಗುವುದು ಒಂದು ಅನುಭವವಾಗಿ ಉಳಿಯದೆ ಒಂದು ಕೆಲಸವಾಗಿದೆ. ಲೈಕ್ ‘ಮಾಡುತ್ತೇವೆ’, ಡಿಸ್‌ಲೈಕ್ ‘ಒತ್ತುತ್ತೇವೆ’. ಜನ ಗುಂಪುಕಟ್ಟಿ ಒತ್ತುವ ಡಿಸ್‌ಲೈಕ್‌ಗಳಿಂದ ವಿಡಿಯೊ ಮಾಡುವವರಿಗೆ ಕಿರುಕುಳವಾಗುತ್ತಿದೆಯೆಂದು 2021ರ ನವೆಂಬರಿನಲ್ಲಿ ಯೂಟ್ಯೂಬ್ ಆ ಸಂಖ್ಯೆಯನ್ನು ಸಾರ್ವಜನಿಕರಿಗೆ ಕಾಣದಂತೆ ಮಾಡಿತು. ಈ ‘ನಾನು’ವಿಗೆ ಹೆಸರಿಲ್ಲ, ಮುಖವಿಲ್ಲ, ಕಾರಣ ಕೊಡುವ ಹೊಣೆಯಿಲ್ಲ. ‘ಒಲ್ಲೆ’ ಅನ್ನುವವಳು ಎದುರು ನಿಂತು ಅನ್ನುತ್ತಾಳೆ. ಮುಂದೆ ಬರುವುದನ್ನು ಎದುರಿಸಲು ತಯಾರಾಗಿ ಅನ್ನುತ್ತಾಳೆ. ಎರಡರ ನಡುವೆ ಭೂಮಿ ಆಕಾಶದ ಅಂತರವಿದೆ.

ಹಾಗಾಗಿ ಮನೆಯಲ್ಲೂ ಶಾಲೆಯಲ್ಲೂ ಮಕ್ಕಳಿಗೆ ಮೂರು ವಾಕ್ಯಗಳನ್ನು ಬೇರೆ ಬೇರೆಯಾಗಿ ಕಲಿಸೋಣ. ರುಚಿ, ಬಣ್ಣ, ಹಾಡು, ಸಿನಿಮಾದ ಮಾತು ಬಂದಾಗ ‘ನನಗೆ ಹಿಡಿಸಲ್ಲ’. ಅಲ್ಲಿ ಯಾರ ತಪ್ಪೂ ಇಲ್ಲ. ಬೇರೆಯವರಿಗೆ ಹಿಡಿಸಿದರೆ ಅವರ ಪಾಡಿಗೆ ಅವರು ಸವಿಯಲಿ. ಬರಹ, ಕೆಲಸ, ನಡತೆಯ ತೂಕ ಹೇಳಬೇಕಾದಾಗ ‘ಇದು ಸರಿಯಿಲ್ಲ, ಯಾಕೆಂದರೆ’. ಅಲ್ಲಿ ಕಾರಣವೂ ದಾರಿಯೂ ಜೊತೆಗಿರಲಿ. ಲಂಚ ಕೊಡು ಎಂದಾಗ, ಜಾತಿ ನೋಡಿ ಬೇರೆ ಲೋಟ ಇಟ್ಟಾಗ, ಮೈಮುಟ್ಟಲು ಬಂದಾಗ, ಮನಸ್ಸಿಲ್ಲದ ಮದುವೆಗೆ ನೂಕಿದಾಗ ‘ನಾನು ಒಲ್ಲೆ’. ಅಲ್ಲಿ ಚತುರ್ಥಿಯ ಹಿಂದೆ ಅವಿತುಕೊಳ್ಳುವುದು ವಿನಯವಾಗುವುದಿಲ್ಲ. ಜಾತಿಯ ಲೋಟ ‘ನನಗೆ ಅಷ್ಟಾಗಿ ಹಿಡಿಸಲ್ಲ’ ಅಂದರೆ ಲೋಟ ಅಲ್ಲೇ ಇರುತ್ತದೆ.

ಇಂಗ್ಲಿಷ್ ಕಲಿಯಲಿ, ಸ್ಪ್ಯಾನಿಷೂ ಕಲಿಯಲಿ. ಎರಡೂ ಭಾಷೆ ನಮ್ಮದನ್ನು ಇನ್ನಷ್ಟು ನಿಚ್ಚಳವಾಗಿ ತೋರಿಸುತ್ತವೆ. ಆದರೆ ಯಾವ ಮಗಳೂ ಬೇಡ ಎನ್ನಲು ಪರಭಾಷೆಯ ಧೈರ್ಯವನ್ನು ಎರವಲು ತರಬೇಕಾಗಿಲ್ಲ. ಅವಳು ‘ಒಲ್ಲೆ’ ಅಂದ ದಿನ ಮನೆಯವರು ಪಂಚಾಂಗ ತೆರೆದು ನೆಪ ಹುಡುಕುವ ಅಗತ್ಯವೂ ಬೀಳಬಾರದು. ಬಂದವರಿಗೆ “ನಮ್ಮ ಹುಡುಗಿ ಒಪ್ಪಲಿಲ್ಲ” ಎಂದೇ ಹೇಳಿಕಳಿಸೋಣ. ಆ ಕಾರಣ ಸಾಕು.